ನಡುವೆ ನಿಲ್ಲದ ಲಿಫ್ಟ್

ಬೆಳಿಗ್ಗೆ ಎದ್ದಾಗಿನಿಂದ ಅವಳಿಗೆ ಎಲ್ಲವೂ ತೀರಾ ಹತ್ತಿರದಲ್ಲಿ ಕಾಣುತ್ತಿತ್ತು. ಬಚ್ಚಲಿನ ನಲ್ಲಿಯ ಮೂತಿಗೆ ಅಂಟಿದ ಹನಿ ಬೀಳಲೋ ಬೇಡವೋ ಎಂದು ಉಬ್ಬುತ್ತಿದ್ದದ್ದು, ಟವೆಲಿನ ಅಂಚಿನಲ್ಲಿ ಬಿಚ್ಚಿಕೊಂಡ ಒಂದು ದಾರ, ಕನ್ನಡಿಯಲ್ಲಿ ತನ್ನ ಕತ್ತಿನ ಪಕ್ಕ ಟಪಟಪ ಹೊಡೆದುಕೊಳ್ಳುತ್ತಿದ್ದ ನರ. ಇದು ಹೆದರಿಕೆ ಎಂದು ಅವಳು ಮೊದಲು ಅಂದುಕೊಂಡಳು. ಆದರೆ ಹೆದರಿದವರಿಗೆ ಹಸಿವಾಗುವುದಿಲ್ಲ, ಅವಳಿಗೆ ಹಸಿವಾಗಿತ್ತು. ಒಂದಕ್ಷರವೂ ಓದದೆ ಪರೀಕ್ಷೆಗೆ ಹೊರಟವಳಿಗೆ, ಇನ್ನು ಓದಲು ಹೊತ್ತೇ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಬರುವ ಹಗುರ ಇದು ಎಂದು ಆಮೇಲೆ ಅನ್ನಿಸಿತು. ಅಡುಗೆಮನೆಯಲ್ಲಿ ನಿಂತೇ ಎರಡು ತುಂಡು ಬ್ರೆಡ್ಡು ತಿಂದಳು. ಮೂರನೆಯದಕ್ಕೆ ಕೈ ಹಾಕಿದಾಗ ಅಮ್ಮ ಕನ್ನಡಕದ ಮೇಲಿನಿಂದ ನೋಡಿದಳು.

"ಇವತ್ತು ಟವರಿನ ಲಿಫ್ಟಲ್ವಾ?"

"ಹೂಂ."

"ನಿಮ್ಮಪ್ಪ ಇದ್ದಿದ್ರೆ ಕೋಟು ಇಸ್ತ್ರಿ ಮಾಡಿಸ್ಕೊಂಡು ಕೂತಿರ್ತಿದ್ರು. ನೀನು ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಬ್ರೆಡ್ ತಿಂತಾ ಇದ್ದೀಯ. ಎದೆಗಾರ್ತಿ ಕಣೇ ನೀನು."

ಮೂರನೆಯ ತುಂಡನ್ನು ಅವಳು ವಾಪಸ್ಸಿಟ್ಟಳು. ಎದೆಗಾರ್ತಿ. ಆ ಮಾತನ್ನು ಎಂಟು ವರ್ಷದವಳಿದ್ದಾಗಿನಿಂದ ಅವಳು ಕೇಳಿಕೊಂಡು ಬಂದಿದ್ದಳು. ದೊಡ್ಡವಳಾದಂತೆ ಅಂಗಿ ಚಿಕ್ಕದಾಗುತ್ತದೆ, ಈ ಮಾತು ಮಾತ್ರ ಅವಳಿಗಿಂತ ಒಂದು ಅಳತೆ ದೊಡ್ಡದಾಗಿಯೇ ಜೊತೆಗೆ ಬೆಳೆದುಬಂದಿತ್ತು.

ಅಪ್ಪ ಕಟ್ಟಿದ ಲಿಫ್ಟ್ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಲಿಫ್ಟನ್ನು ಕೂಡಿಸಿ, ಎಲ್ಲ ಪರೀಕ್ಷೆ ಮುಗಿಸಿ, ಗಿರಾಕಿಗೆ ಒಪ್ಪಿಸುವ ದಿನ ಕಂಪನಿಯ ಯಜಮಾನರೇ ಮೊದಲು, ಒಬ್ಬರೇ, ಅದರಲ್ಲಿ ತುದಿಯವರೆಗೆ ಹೋಗಿ ಇಳಿದು ಬರಬೇಕು. ಲಿಫ್ಟಿನ ನೆಲದ ಮೇಲೆ ಅಂಚಿನ ತನಕ ನೀರು ತುಂಬಿದ ಒಂದು ಸ್ಟೀಲಿನ ಲೋಟ ಇಟ್ಟುಕೊಳ್ಳಬೇಕು. ಲಿಫ್ಟು ಹಿಡಿದುಕೊಂಡು ಜಾರುವ ಉಕ್ಕಿನ ರೈಲುಗಳ ಒಂದು ಜೋಡಣೆ ಕೂದಲೆಳೆಯಷ್ಟು ಆಚೀಚೆಯಾಗಿದ್ದರೂ ಆ ನೀರು ಹೇಳಿಬಿಡುತ್ತದೆ. "ತುಂಬಿದ ಕೊಡ ತುಳುಕಲ್ಲ ಅಂತ ಊರವರೆಲ್ಲ ಹೇಳ್ತಾರೆ," ಎನ್ನುತ್ತಿದ್ದ ಅಪ್ಪ. "ತುಳುಕುತ್ತೋ ಇಲ್ವೋ ಹತ್ತಿ ನೋಡಿದವರು ಎಷ್ಟು ಜನ?" ಇಳಿದು ಬಂದ ಯಜಮಾನರು ಆ ನೀರನ್ನು ಎಲ್ಲರೆದುರು ಕುಡಿಯಬೇಕು. ತುಳುಕಿದ್ದರೆ ಕುಡಿಯುವಂತಿಲ್ಲ, ತಪ್ಪು ಎಲ್ಲಿದೆಯೆಂದು ಹುಡುಕಿ, ಸರಿ ಮಾಡಿ, ಮತ್ತೆ ತುಂಬಿ ಮತ್ತೆ ಹತ್ತಬೇಕು. ಅಷ್ಟು ಹೊತ್ತೂ ಕೆಲಸಗಾರರು, ಗಿರಾಕಿ, ಗಿರಾಕಿಯ ಕಡೆಯವರು ಎಲ್ಲ ಕೆಳಗೇ ನಿಂತಿರಬೇಕು. ಲಿಫ್ಟ್ ಎಷ್ಟನೇ ಅಂತಸ್ತಿನಲ್ಲಿದೆ ಎಂದು ಹೊರಗಿನವರಿಗೆ ತೋರಿಸುವ ಅಂಕಿಯ ಪಟ್ಟಿಗೆ ಕಾಗದ ಅಂಟಿಸಿರುತ್ತಾರೆ. ಎಲ್ಲಿದೆಯೆಂದು ಗೊತ್ತಾಗಿಬಿಟ್ಟರೆ ಸ್ವಾರಸ್ಯ ಏನು ಉಳಿಯಿತು ಎಂಬುದು ಅಪ್ಪನ ನಾಟಕದ ಬುದ್ಧಿ. ನೀರು ಕುಡಿದ ಮೇಲೆ ಕಾಗದ ಹರಿಯುವುದು, ಚಪ್ಪಾಳೆ.

ಅಪ್ಪನ ಕುರ್ಚಿಗೆ ಬಂದ ಮೇಲೆ ಅವಳು ಒಪ್ಪಿಸಿದ ಲಿಫ್ಟುಗಳು ಊರ ತುಂಬ ಇವೆ. ಆಸ್ಪತ್ರೆಯದು, ಬಟ್ಟೆ ಅಂಗಡಿಯದು, ಮನೆಗಳ ದೊಡ್ಡ ಕಟ್ಟಡಗಳದು. ಒಂದರಲ್ಲೂ ಅವಳು ತುದಿಯವರೆಗೆ ಹೋಗಿರಲಿಲ್ಲ. ಬಾಗಿಲು ಮುಚ್ಚಿದ ಕೂಡಲೇ ಒಂದನೇ ಅಂತಸ್ತಿನ ಗುಂಡಿಯನ್ನೂ ತುದಿಯ ಗುಂಡಿಯನ್ನೂ ಒಟ್ಟಿಗೆ ಒತ್ತುತ್ತಿದ್ದಳು. ಒಂದು ಅಂತಸ್ತು ಉಸಿರು ಬಿಗಿಹಿಡಿದರೆ ದಾಟಬಹುದು. ಅಲ್ಲಿ ಇಳಿದುಬಿಡುವುದು. ಲೋಟ ಒಂದೇ ಮೇಲೆ ಹೋಗುತ್ತಿತ್ತು. ಅವಳು ಗಾರೆಯ ಧೂಳಿನ ಖಾಲಿ ಓಣಿಯಲ್ಲಿ, ಬಣ್ಣ ಕಾಣದ ಗೋಡೆಗೆ ಬೆನ್ನು ತಾಗಿಸದಂತೆ ಎಚ್ಚರವಹಿಸಿ (ಧೂಳು ಅಂಟಿದರೆ ಕೇಳುತ್ತಾರೆ), ಕರೆಯುವ ಗುಂಡಿ ಒತ್ತಿ ಕಾಯುತ್ತಿದ್ದಳು. ಲೋಟ ತುದಿ ಮುಟ್ಟಿ ಇಳಿದು ಬರುವಾಗ ಒಂದನೇ ಅಂತಸ್ತಿನಲ್ಲಿ ಲಿಫ್ಟ್ ನಿಲ್ಲುತ್ತಿತ್ತು, ಹತ್ತಿಕೊಳ್ಳುತ್ತಿದ್ದಳು. ಮತ್ತೆ ಒಂದು ಬಿಗಿಹಿಡಿದ ಉಸಿರು. ಬಾಗಿಲು ತೆರೆದಾಗ ಕೈಯಲ್ಲಿ ತುಂಬಿದ ಲೋಟ, ಮುಖದಲ್ಲಿ ನಗು. ಕುಡಿದ ನೀರು ತಣ್ಣಗೆ ಎದೆಯೊಳಗೆ ಇಳಿಯುವಾಗ ಪ್ರತಿ ಸಲವೂ ಅದೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು: ನೀರು ಹೋಗಿ ಬಂದಿದೆ, ತುಳುಕಿಲ್ಲ. ಲಿಫ್ಟ್ ಸರಿ ಇದೆಯೆಂಬುದು ಸುಳ್ಳಲ್ಲ. ಇದರಲ್ಲಿ ಯಾರಿಗೇನು ನಷ್ಟ?

ಯಾರಿಗೂ ನಷ್ಟವಿರಲಿಲ್ಲ. ಕಂಪನಿಯ ಕಚೇರಿಯ ಗೋಡೆಯ ಮೇಲೆ ಅವಳು ಲೋಟ ಎತ್ತಿ ಕುಡಿಯುತ್ತಿರುವ ದೊಡ್ಡ ಫೋಟೋ ಇತ್ತು, ಕೆಳಗೆ 'ಮೊದಲು ತಾವೇ ಹತ್ತುವವರು' ಎಂದು ಬರೆಸಿತ್ತು. ವರ್ತಕರ ಸಂಘದವರು ಮುಂದಾಳುತನದ ಬಗ್ಗೆ ಮಾತಾಡಲು ಕರೆಯುತ್ತಿದ್ದರು. ಅವಳು ಮಾತ್ರ ಎಲ್ಲಿ ಹೋದರೂ ಮೆಟ್ಟಿಲೇ. ವ್ಯಾಯಾಮ ಎನ್ನುತ್ತಿದ್ದಳು. "ಮಿಠಾಯಿ ಅಂಗಡಿಯವನಿಗೆ ಮಿಠಾಯಿ ಬೇಡ," ಎಂದು ಜನ ನಗುತ್ತಿದ್ದರು.

ತಮ್ಮ ಹೊರಗೆ ಹಾರ್ನ್ ಹೊಡೆದ. ಒಂದು ಸಲ ಉದ್ದಕ್ಕೆ, ಎರಡು ಸಲ ಚಿಕ್ಕದು, ಚಿಕ್ಕಂದಿನಿಂದ ಇಬ್ಬರಿಗೂ ಗೊತ್ತಿರುವ ಲೆಕ್ಕ. ಕಂಪನಿಯ ಬಿಡಿಭಾಗಗಳ ಗೋದಾಮು ಅವನ ಪಾಲಿನದು. ಅಗಲ ಮುಖದ, ಬೇಗ ನಗುವ, ಬೇಗ ಕಣ್ಣು ಒದ್ದೆಯಾಗುವ ಮನುಷ್ಯ. ಫಿಟ್ಟರುಗಳೆಲ್ಲ ಅವನನ್ನು ಎದುರಿಗೇ ಮಳೆರಾಯ ಎಂದು ಕರೆಯುತ್ತಿದ್ದರು, ಅವನೂ 'ಓ' ಎನ್ನುತ್ತಿದ್ದ.

"ಏನಕ್ಕಾ, ಮುಖ ಫಳಫಳ ಅಂತಿದೆ? ಮದುವೆ ಹೆಣ್ಣಿನ ಥರ ಇದ್ದೀಯ."

"ಗಾಡಿ ನೋಡ್ಕೊಂಡು ಓಡ್ಸು."

"ನಂಗಂತೂ ರಾತ್ರಿಯಿಂದ ಹೊಟ್ಟೆ ತೊಳೆಸ್ತಾ ಇದೆಯಪ್ಪ. ಹತ್ತೋಳು ನೀನು, ಹೊಟ್ಟೆ ಕೆಡೋದು ನನಗೆ. ನೋಡು ನ್ಯಾಯ!"

ಅವನು ಇದನ್ನು ಎಷ್ಟು ಸಲೀಸಾಗಿ ಹೇಳುತ್ತಾನೆ. ಹೆದರಿಕೆಯಾಗುತ್ತದೆ, ಹೊಟ್ಟೆ ತೊಳೆಸುತ್ತದೆ, ಅಳು ಬಂತು. ತನ್ನ ಬಾಯಲ್ಲಿ ಅಂಥ ಒಂದು ಮಾತು ಹೊರಟು ಎಷ್ಟು ವರ್ಷವಾಯಿತು? ಹೋದ ವರ್ಷ ಕಂಪನಿಗೆ ತರಬೇತಿ ಕೊಡಲು ಬಂದ ಹೆಂಗಸು ಎಲ್ಲರನ್ನೂ ಸುತ್ತ ಕೂರಿಸಿ, ನಿಮ್ಮನ್ನು ನೀವೇ ಒರೆಗೆ ಹಚ್ಚಿ ನೋಡಿಕೊಳ್ಳಿ, ನಿಮ್ಮ ದೊಡ್ಡ ದೌರ್ಬಲ್ಯ ಯಾವುದು ಹೇಳಿ, ಎಂದಿದ್ದಳು. ಮೊದಲ ಸರದಿ ಯಜಮಾನಿಯದು. "ಕೆಲಸಕ್ಕೆ ಕೂತರೆ ಊಟ ಮಾಡೋದೇ ಮರೆತುಹೋಗುತ್ತೆ," ಎಂದಿದ್ದಳು ಅವಳು. ಎಲ್ಲರೂ ಮೆಚ್ಚಿ ನಕ್ಕರು. ದೌರ್ಬಲ್ಯಕ್ಕೂ ಇಸ್ತ್ರಿ ಮಾಡಿ ತಂದಿದ್ದಳು. ಆಮೇಲೆ ತಮ್ಮನ ಸರದಿ. ಅವನು ಕೈ ಬೆರಳು ನೋಡಿಕೊಳ್ಳುತ್ತಾ, "ನಂಗೆ ಭಯ ಜಾಸ್ತಿ," ಎಂದ. ಆಗಲೂ ಎಲ್ಲರೂ ನಕ್ಕರು, ಆದರೆ ಆ ನಗು ಬೇರೆ. ಯಾರೋ ಹಿಂದಿನಿಂದ "ಕೊಡೆ ತಗೊಳ್ರಪ್ಪ, ಮಳೆ ಬಂತು" ಎಂದರು. ಅವಳೂ ನಕ್ಕಿದ್ದಳು. ಮರುವಾರ ಲಿಫ್ಟ್ ಕೂಡಿಸುವ ವಿಭಾಗಕ್ಕೆ ಮುಖ್ಯಸ್ಥರನ್ನು ಆರಿಸಬೇಕಾಗಿ ಬಂದಾಗ, ಕೆಲಸ ಬಲ್ಲ ತಮ್ಮನನ್ನು ಬಿಟ್ಟು ಬೇರೆಯವರ ಹೆಸರು ಬರೆದಿದ್ದಳು. "ಭಯ ಇರೋನಿಗೆ ಎತ್ತರದ ಕೆಲಸ ಬೇಡ ಕಣೋ, ನಿನ್ನ ಒಳ್ಳೇದಕ್ಕೇ," ಎಂದು ಅವನ ಭುಜ ತಟ್ಟಿದ್ದಳು. ಅವನು ಹೂಂ ಅಂದಿದ್ದ. ಆ ಹೂಂ ಈಗಲೂ, ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಅವಳ ಕಿವಿಯ ಪಕ್ಕದಲ್ಲಿ ಕೂತಿತ್ತು.

ಟವರ್ ದೂರದಿಂದಲೇ ಕಂಡಿತು. ಊರಿನ ಅಂಚಿನಲ್ಲಿ ಒಂಟಿ ಕಾಲಿನ ಮೇಲೆ ನಿಂತ ಕಾಂಕ್ರೀಟಿನ ಕೊಳವೆ, ತಲೆಯ ಮೇಲೆ ತಟ್ಟೆಯಂಥ ಗಾಜಿನ ಹೋಟೆಲು. ಕೆಳಗೆ ಒಂದು ಬಾಗಿಲು, ಮೇಲೆ ಒಂದು ಬಾಗಿಲು. ನಕ್ಷೆ ತಂದ ದಿನ ಅವಳು, "ನಡುವೆ?" ಎಂದು ಕೇಳಿದ್ದಳು. "ನಡುವೆ ಏನಿದೆ ಮೇಡಂ, ಬರೀ ಗೋಡೆ," ಎಂದಿದ್ದ ನಕ್ಷೆಯವನು. ಆಗ ಬೇಡ ಎನ್ನಬಹುದಿತ್ತು. ನೆಪಗಳಿಗೇನು ಬರವೇ? ಆದರೆ ಅವಳ ಕೈ ಪೆನ್ನು ಹುಡುಕಿ ರುಜು ಹಾಕಿಬಿಟ್ಟಿತ್ತು. ಆ ಕ್ಷಣದಲ್ಲೂ ಇದೇ ಟಪಟಪ, ಇದೇ ಹಸಿವು. ಸಿಕ್ಕಿಬೀಳುವ ಭಯ ಮನುಷ್ಯರಿಗೆ ಇರುವುದು ಗೊತ್ತು. ಸಿಕ್ಕಿಬೀಳುವ ಆಸೆಯೂ ಇರುತ್ತದೆಯೆ? ಗಾಡಿಯಿಂದ ಇಳಿಯುವಾಗ ಅವಳ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಕತ್ತೆತ್ತಿ ನೋಡಿದರೆ ಮೋಡ ಓಡುತ್ತಿದ್ದು ಟವರೇ ತನ್ನ ಮೇಲೆ ವಾಲುತ್ತಿರುವಂತೆ ಕಂಡಿತು. ಜೋರಾಗಿ ನಕ್ಕುಬಿಡಬೇಕು ಅನ್ನಿಸಿತು.

ಕೆಳಗಿನ ಹಜಾರದಲ್ಲಿ ಎಲ್ಲರೂ ಸೇರಿದ್ದರು. ಮುಖ್ಯ ಫಿಟ್ಟರ್ ತೂಕಣ್ಣ ಹೊಸ ಅಂಗಿ ತೊಟ್ಟಿದ್ದ. ಲಿಫ್ಟಿಗೆ ಎದುರಾಗಿ ತೂಗುವ ಕಬ್ಬಿಣದ ತೂಕಗಳನ್ನು ಕಣ್ಣಳತೆಯಲ್ಲೇ ಹೊಂದಿಸುತ್ತಾನೆಂದು ಅಪ್ಪನೇ ಇಟ್ಟ ಹೆಸರು ಅದು. ಈಗ ಅವನ ಹೊಟ್ಟೆಗೂ ಒಪ್ಪುತ್ತಿತ್ತು. ಟವರಿನ ಯಜಮಾನಿ, ಊರುಗೋಲು ಹಿಡಿದ ಎತ್ತರದ ವಯಸ್ಸಾದ ಹೆಂಗಸು, ಕುರ್ಚಿ ಬೇಡವೆಂದು ನಿಂತೇ ಇದ್ದಳು.

"ಮೇಲಿನ ನನ್ನ ಹೋಟ್ಲು ನಡೆಯೋದು ಈ ಒಂದು ಲಿಫ್ಟಿನ ಮೇಲೆ," ಎಂದಳು ಆಕೆ. "ನೀವು ಮೊದ್ಲು ಹತ್ತುತೀರಿ ಅಂತ ಕೇಳಿದ್ಮೇಲೇ ನಾನು ಬೇರೆ ಕಂಪನಿಯವರನ್ನ ವಾಪಸ್ ಕಳಿಸಿದ್ದು. ತಮ್ಮ ಅಡುಗೆ ತಾವೇ ಉಣ್ಣೋರನ್ನ ನಂಬಬಹುದು."

ಅವಳು ನಕ್ಕಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಗೊತ್ತಿದ್ದೂ, ಕೈ ತಾನಾಗಿ ಹೆಗಲ ಮೇಲಿನ ಇಲ್ಲದ ಧೂಳನ್ನು ಕೊಡವಿತು.

ತೂಕಣ್ಣ ಲೋಟಕ್ಕೆ ನೀರು ಹೊಯ್ದ. ಕೊನೆಯ ಹನಿಗಳನ್ನು ಬೆರಳ ತುದಿಯಿಂದ ಇಳಿಬಿಟ್ಟ, ನೀರು ಅಂಚಿಗಿಂತ ಮೇಲೆ ಉಬ್ಬಿ ನಿಂತಿತು. "ಈ ಸಲ ಎದೆ ಹೊಡ್ಕೋತಿದೆ ಅಮ್ಮಾ," ಎಂದ ಮೆಲ್ಲಗೆ. "ಇಷ್ಟು ಉದ್ದದ ರೈಲು ನಾವು ಕೂಡ್ಸೇ ಇರ್ಲಿಲ್ಲ. ಹುಡುಗ್ರು ಮೂರು ತಿಂಗಳು ಮನೆ ಮುಖ ನೋಡಿಲ್ಲ. ನೀರು ತುಳುಕಿದ್ರೆ ಮೊದ್ಲಿಂದ ಎಲ್ಲ ಬಿಚ್ಚಬೇಕು."

"ತುಳುಕಲ್ಲ ತೂಕಣ್ಣ."

"ನಿಮ್ಮ ಬಾಯಿಗೆ ಸಕ್ಕರೆ ಹಾಕ."

ತಮ್ಮ ಅಂಕಿಯ ಪಟ್ಟಿಯ ಮೇಲಿನ ಕಾಗದವನ್ನು ಅಂಗೈಯಿಂದ ಒತ್ತಿ ಸರಿಮಾಡುತ್ತಿದ್ದ. ಅದನ್ನು ಅಂಟಿಸುವುದೂ ಹರಿಯುವುದೂ ಅಪ್ಪನ ಕಾಲದಿಂದ ಅವನ ಕೆಲಸ. ಈ ಪದ್ಧತಿಯಲ್ಲಿ ಅವನಿಗೆ ಕೊಟ್ಟದ್ದು ಅಷ್ಟೇ. ಅವಳು ಒಳಗೆ ಹೋಗಿ ಲೋಟವನ್ನು ನೆಲದ ನಡುವೆ ಇಟ್ಟಳು. ಬಾಗಿಲಿನ ಎರಡು ಹಲಗೆಗಳು ಹತ್ತಿರವಾಗುತ್ತ, ತಮ್ಮನ ಅಗಲ ಮುಖ ಕಿರಿದಾಗುತ್ತ, ಒಂದು ಕಣ್ಣು ಮಾತ್ರವಾಗಿ, ಮುಚ್ಚಿತು.

ಎರಡೇ ಗುಂಡಿಗಳು. ಬೆರಳು ಹಳೆಯ ಅಭ್ಯಾಸದಿಂದ ಮೂರನೆಯದಕ್ಕಾಗಿ ಗೋಡೆಯ ಮೇಲೆ ತಡಕಾಡಿ, ಬರಿಯ ಉಕ್ಕನ್ನು ಮುಟ್ಟಿ ಬಂತು. ಒತ್ತಿದಳು. ಕಾಲ ಕೆಳಗೆ ಏನೋ ಮೃದುವಾಗಿ ಎತ್ತಿಕೊಂಡಂತಾಯಿತು. ಎಷ್ಟು ಒಳ್ಳೆಯ ಕೆಲಸ, ಸದ್ದೇ ಇಲ್ಲ, ಎಂದು ಮನಸ್ಸಿನ ಯಜಮಾನಿಯ ಭಾಗ ಮೆಚ್ಚಿಕೊಂಡಿತು. ಉಳಿದ ಭಾಗ ಉಸಿರು ಬಿಗಿಹಿಡಿಯಿತು. ಹಿಡಿದ ಉಸಿರು ಮುಗಿಯಿತು, ಲಿಫ್ಟ್ ಮುಗಿಯಲಿಲ್ಲ. ಮತ್ತೊಂದು ಹಿಡಿದಳು. ಗೋಡೆಗಳು ಇದ್ದಲ್ಲೇ ಇದ್ದವು, ಆದರೆ ಗಾಳಿ ದಪ್ಪವಾಗತೊಡಗಿತು, ಮತ್ತು ಆ ಹಳೆಯ ವಾಸನೆ, ಗ್ರೀಸು, ಹೊಸ ರಬ್ಬರು, ಅದರ ಜೊತೆಗೆ ಬೆಚ್ಚಗಿನ ಇನ್ನೊಂದು. ಅವಳಿಗೆ ಎಂಟು ವರ್ಷ, ತಮ್ಮನಿಗೆ ಐದು. ಅಪ್ಪ ಇಬ್ಬರನ್ನೂ ಹೊಸ ಲಿಫ್ಟಿನಲ್ಲಿ ಕೂರಿಸಿ, ಹೋಗಿ ಬನ್ನಿ ರಾಜ ರಾಣಿ ಎಂದು ಕಳಿಸಿದ್ದ. ನಡುವೆಯೆಲ್ಲೋ ಕರೆಂಟು ಹೋಯಿತು. ಕತ್ತಲು ಎಂದರೆ ಕಣ್ಣಿಗೆ ಒತ್ತುವಂಥ ಕತ್ತಲು. ತಮ್ಮ ಕಿರುಚಿದ, ಅಮ್ಮಾ ಎಂದ, ಅಕ್ಕಾ ಎಂದ, ಬಾಗಿಲು ಬಡಿದ, ಸುಸ್ತಾಗಿ ಅವಳ ಮಗ್ಗುಲಲ್ಲಿ ಕೂತು ಬಿಕ್ಕಿದ. ಅವಳಿಗೂ ಕಿರುಚಬೇಕಾಗಿತ್ತು. ಬಾಯಿ ತೆರೆದಿತ್ತು ಕೂಡ. ದನಿಯೇ ಇರಲಿಲ್ಲ. ದನಿಯ ಬದಲು ಬೇರೇನೋ ಬಂತು, ಬೆಚ್ಚಗೆ, ತೊಡೆಗಳ ನಡುವಿನಿಂದ, ನೆಲಕ್ಕೆ, ತಮ್ಮ ಕೂತಿದ್ದ ಕಡೆಗೆ. ಬಾಗಿಲು ಮೀಟಿ ತೆಗೆದಾಗ ಬೆಳಕಿನಲ್ಲಿ ಕಂಡದ್ದು ಇಷ್ಟು: ಅತ್ತು ಕೆಂಪಾದ ಹುಡುಗ, ಒದ್ದೆಯಾದ ಅವನ ಬಿಳಿ ಚಡ್ಡಿ, ನೆಲದ ಮೇಲೆ ನೀರು. ಪಕ್ಕದಲ್ಲಿ ಕಡುನೀಲಿ ಫ್ರಾಕಿನ ಹುಡುಗಿ, ಸೊಲ್ಲೆತ್ತದೆ, ಕಣ್ಣು ಮಿಟುಕಿಸದೆ. "ಓಹೋ, ಮಳೆರಾಯ!" ಎಂದ ಒಬ್ಬ ಕೆಲಸಗಾರ. ಎಲ್ಲರೂ ನಕ್ಕರು. ಅಪ್ಪ ಅವಳನ್ನು ಎತ್ತಿಕೊಂಡು, "ನೋಡ್ರೋ, ಎದೆಗಾರಿಕೆ ಅಂದ್ರೆ ಇದು, ನನ್ನ ಕುರ್ಚಿ ಇವಳದ್ದೇ," ಎಂದ. ಅಪ್ಪನ ಕೈಗೆ ಫ್ರಾಕಿನ ಒದ್ದೆ ತಾಗಿರಲೇಬೇಕು. ತಾಗಿದ್ದರೂ, ತಮ್ಮನ ಪಕ್ಕ ಕೂತದ್ದಕ್ಕೆ ಎಂದುಕೊಂಡಿರಬೇಕು. ಮನುಷ್ಯರು ಮೊದಲು ನಗುತ್ತಾರೆ, ಆಮೇಲೆ ನಕ್ಕದ್ದಕ್ಕೆ ತಕ್ಕಂತೆ ನೋಡುತ್ತಾರೆ. ಅವಳು ಅಪ್ಪನ ಭುಜದ ಮೇಲಿನಿಂದ ತಮ್ಮನನ್ನು ನೋಡುತ್ತಿದ್ದಳು. ಅವನು ತನ್ನ ಚಡ್ಡಿಯನ್ನು ನೋಡಿಕೊಳ್ಳುತ್ತಿದ್ದ.

ಲಿಫ್ಟಿನ ವೇಗ ತಗ್ಗಿತು. ತುದಿ ಹತ್ತಿರವಾದಾಗ ತಗ್ಗಲೇಬೇಕು, ಅದು ಅವಳಿಗೆ ಗೊತ್ತು, ಅವಳೇ ಸಾವಿರ ಸಲ ಗಿರಾಕಿಗಳಿಗೆ ವಿವರಿಸಿದ್ದಾಳೆ. ಆದರೆ ಮೈಗೆ ಗೊತ್ತಿರಲಿಲ್ಲ. ನಿಂತಿತು, ನಿಂತೇಹೋಯಿತು ಎಂದು ಮೈ ನಿರ್ಧರಿಸಿತು. ಹಿಡಿದುಕೊಳ್ಳಲು ಏನಾದರೂ ಬೇಕಾಗಿತ್ತು. ಕೂತಳು, ಕೈಗೆ ಸಿಕ್ಕಿದ್ದು ಲೋಟ. ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡಳು, ನೀರು ಮಣಿಕಟ್ಟಿನ ಮೇಲೆ, ತೊಡೆಯ ಮೇಲೆ, ನೆಲದ ಮೇಲೆ ಹಾರಿತು. ಆ ತೇವ ತೊಡೆಗೆ ತಾಗಿದ ಕೂಡಲೇ ಅಂದು ಗಂಟಲಲ್ಲಿ ಉಳಿದುಹೋಗಿದ್ದ ದನಿ ಹೊರಟಿತು. ಅಷ್ಟು ದೊಡ್ಡ ದನಿ ತನ್ನದೆಂದು ಅವಳಿಗೆ ತಿಳಿಯಲು ಹೊತ್ತು ಹಿಡಿಯಿತು.

ಬಾಗಿಲು ತೆರೆಯಿತು.

ಬೆಳಕು, ಗಾಳಿ. ಗಾಜು ಇನ್ನೂ ಕೂರಿಸದ ಒಂದು ಕಿಟಕಿಯಿಂದ ಇಡೀ ಊರು ಅಂಗೈಯಗಲ ಕಾಣುತ್ತಿತ್ತು. ಅವಳು ಎದ್ದು ಹೊರಗೆ ಬಂದು ಕಂಬ ಹಿಡಿದು ನಿಂತಳು. ಎದೆಯಲ್ಲಿ ಏನೋ ಬೀಗ ಕಿತ್ತುಹೋದಂತೆ ಉಸಿರು ಒಳಗೆ ನುಗ್ಗಿ ನುಗ್ಗಿ ಬರುತ್ತಿತ್ತು. ತುದಿ! ತುದಿಯವರೆಗೆ ಬಂದಿದ್ದೇನೆ! ಇಷ್ಟು ವರ್ಷ ಲೋಟ ಒಂಟಿಯಾಗಿ ನೋಡಿದ ಜಾಗ ಇದು. ಆಮೇಲೆ ಕಣ್ಣು ಕೈಯೊಳಗಿನ ಲೋಟದ ಮೇಲೆ ಬಿತ್ತು. ಅರ್ಧಕ್ಕೆ ಬಂದಿತ್ತು. ಕಂಬದ ಆಚೆಗೇ ಒಂದು ಡ್ರಮ್ಮು, ಗಾರೆ ಕೆಲಸದವರು ತುಂಬಿಸಿಟ್ಟ ನೀರು, ತಿಳಿಯಾಗಿ, ತಳ ಕಾಣುವಂತೆ.

ಯೋಚನೆ ಬರುವ ಮೊದಲೇ ಅವಳು ಲೋಟವನ್ನು ಮುಳುಗಿಸಿಯಾಗಿತ್ತು. ಕರವಸ್ತ್ರದಿಂದ ಹೊರಮೈ ಒರೆಸಿದಳು. ಲಿಫ್ಟಿನ ನೆಲವನ್ನೂ ಒರೆಸಬಹುದು. ಕೂಗಿದ್ದು ಕೇಳಿಸಿತೆ ಎಂದರೆ, ಖುಷಿಗೆ ಕೂಗಿದೆ, ಮೇಲಿನ ನೋಟ ಅಷ್ಟು ಚೆಂದ, ಎಂದರಾಯಿತು. ವಾಕ್ಯ ಕೂಡ ಇಸ್ತ್ರಿಯಾಗಿ ಸಿದ್ಧವಾಯಿತು. ಬೆರಳ ತುದಿಯಿಂದ ಕೊನೆಯ ಹನಿಗಳನ್ನು, ತೂಕಣ್ಣನ ಹಾಗೆಯೇ, ಇಳಿಬಿಟ್ಟಳು. ನೀರು ಉಬ್ಬಿ ನಿಂತಿತು. ಎರಡು ಹೆಜ್ಜೆ ಇಟ್ಟು ಅವಳು ನಿಂತುಬಿಟ್ಟಳು. ಈ ನೀರು ಕೆಳಗಿನಿಂದ ಬಂದದ್ದಲ್ಲ. ಇಷ್ಟು ವರ್ಷ ಅವಳು ಹೋಗಿರಲಿಲ್ಲ, ಆದರೆ ನೀರು ಹೋಗಿತ್ತು. ಆ ಕೆಲಸದಲ್ಲಿ ಒಂದಾದರೂ ನಿಜ ಉಳಿದಿತ್ತು, ಆ ಒಂದರ ಮೇಲೆ ಅವಳು ಒರಗಿಕೊಂಡಿದ್ದಳು. ಇನ್ನು ಅದರ ಬಾಯಲ್ಲೂ ಸುಳ್ಳು ಹೇಳಿಸುವುದೆ? ನೀರಿಗೂ ತರಬೇತಿ ಕೊಡುವುದೆ? ಅವಳಿಗೆ ನಗು ಬಂತು, ನಕ್ಕಾಗ ತುಂಬಿದ ಲೋಟ ತುಳುಕಿತು. ವಾಪಸ್ಸು ಹೋಗಿ ಅಷ್ಟನ್ನೂ ಡ್ರಮ್ಮಿಗೆ ಸುರಿದಳು. ಬರಿ ಲೋಟ ಹಿಡಿದು ಲಿಫ್ಟಿನ ಒದ್ದೆ ನೆಲದ ಮೇಲೆ ನಿಂತು ಕೆಳಗಿನ ಗುಂಡಿ ಒತ್ತಿದಳು. ಇಳಿಯುವಾಗಲೂ ಕಿರುಚಿದಳು. ಈ ಸಲ ನಿಂತುಕೊಂಡು, ಕಣ್ಣು ತೆರೆದುಕೊಂಡು.

ಬಾಗಿಲು ತೆರೆದಾಗ ಎಲ್ಲರ ಮುಖ ಬಾಡಿತ್ತು. ತಮ್ಮ ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದ, ಕೈಯಲ್ಲಿ ಬಾಗಿಲು ಮೀಟುವ ಕಬ್ಬಿಣದ ಸಲಾಕೆ. "ಅಕ್ಕಾ! ಏನಾಯ್ತೇ? ಬಾವಿಯೊಳಗಿಂದ ಕೂಗಿದ ಹಾಗೆ ಕೇಳಿಸ್ತು, ಜೀವ ಬಾಯಿಗೆ ಬಂತು!"

ತೂಕಣ್ಣ ಅವಳನ್ನು ನೋಡಲಿಲ್ಲ. ಅವನು ನೋಡಿದ್ದು ಖಾಲಿ ಲೋಟ, ಒದ್ದೆ ನೆಲ. ಅವನ ಭುಜಗಳು ಇಳಿದವು. "ಎಲ್ಲಿ ಅಮ್ಮಾ?" ಎಂದ, ದನಿ ಉಡುಗಿ. "ನಡುಮಧ್ಯದ ಜೋಡಣೇಲಾ? ಇಲ್ಲ ತುದಿಗೆ ಹತ್ರಾನಾ?"

ಟವರಿನ ಯಜಮಾನಿಯ ಊರುಗೋಲು ಒಮ್ಮೆ ನೆಲಕ್ಕೆ ತಟ್ಟಿತು. ತುದಿಗೆ ಹತ್ತಿರ ಎಂದರೆ ಸಾಕು. ಮೂರು ತಿಂಗಳ ಕೆಲಸ ಬಿಚ್ಚುತ್ತಾರೆ, ಇಲ್ಲದ ತಪ್ಪನ್ನು ಹುಡುಕುತ್ತಾರೆ, ಸಿಕ್ಕಿತು ಎಂದೂ ಅಂದುಕೊಳ್ಳುತ್ತಾರೆ, ಮತ್ತೊಮ್ಮೆ ಬೇರೆಯವರ ಚಡ್ಡಿ ಒದ್ದೆಯಾಗುತ್ತದೆ.

"ಲಿಫ್ಟ್ ಸರಿ ಇದೆ, ತೂಕಣ್ಣ," ಎಂದಳು ಅವಳು. ಕಿರುಚಿ ದನಿ ಕೆಟ್ಟಿತ್ತು, ಆದರೆ ದನಿ ಇತ್ತು. "ಒಂದು ಕಡೇನೂ ಅಲುಗಲಿಲ್ಲ. ಅಲುಗಿದ್ದು ನಾನು. ಹೆದರಿ ಲೋಟ ಅವುಚಿಕೊಂಡೆ, ಚೆಲ್ಲಿಹೋಯ್ತು. ನಂಗೆ ಲಿಫ್ಟ್ ಅಂದ್ರೆ ಭಯ. ಇವತ್ತಿನವರೆಗೆ ಯಾವ ಲಿಫ್ಟಲ್ಲೂ ನಾನು ತುದಿಗೆ ಹೋಗಿಲ್ಲ. ಒಂದನೇ ಫ್ಲೋರಲ್ಲಿ ಇಳ್ಕೊಂಡುಬಿಡ್ತಿದ್ದೆ. ಲೋಟ ಒಂದೇ ಹೋಗಿ ಬರ್ತಿತ್ತು."

ತೂಕಣ್ಣನ ಮುಖದಲ್ಲಿ ಮೊದಲು ಬಂದದ್ದು ನಿರಾಳ, ಕೆಲಸ ಉಳಿಯಿತೆಂಬ ನಿರಾಳ. ಅದರ ಬೆನ್ನಿಗೇ ಮುಖ ಗಂಟಾಯಿತು.

"ಹಾಗಾದ್ರೆ ಇಷ್ಟು ವರ್ಷ ನಾವು ಚಪ್ಪಾಳೆ ಹೊಡ್ದಿದ್ದು ನೀರಿಗಾ?"

"ಹೌದು ತೂಕಣ್ಣ. ನೀರಿಗೆ."

"ನನ್ನ ಮೊಮ್ಮಗಳಿಗೆ ನಿಮ್ಮ ಫೋಟೋ ತೋರ್ಸಿ, ಹಿಂಗಿರ್ಬೇಕು ನೋಡು ಅಂತಿದ್ನಲ್ಲಮ್ಮಾ," ಎಂದ ಅವನು. ಅಷ್ಟು ಹೇಳಿ ಮುಖ ತಿರುಗಿಸಿದ. ಅವಳ ನಾಲಗೆಯ ತುದಿಯಲ್ಲಿ ಎರಡು ಮೂರು ಒಳ್ಳೆಯ ವಾಕ್ಯಗಳು ಬಂದು ನಿಂತಿದ್ದವು, ನುಂಗಿಕೊಂಡಳು.

"ಅದೆಲ್ಲ ನಿಮ್ಮ ನಿಮ್ಮ ಮನೆ ವಿಚಾರ," ಎಂದಳು ಟವರಿನ ಯಜಮಾನಿ. "ನಂಗೆ ಒಂದು ಹೇಳಿ. ಲಿಫ್ಟ್ ಸರಿ ಇದೆ ಅಂತ ಈಗ ನಾನು ನಂಬೋದು ಯಾವುದನ್ನ ನೋಡಿ? ನಿಮ್ಮನ್ನಾ?"

"ನನ್ನನ್ನ ಬೇಡ. ನೀರು ನೋಡಿ ನಂಬಿ. ಚೆಲ್ಲಿದ್ರೆ ಮತ್ತೆ ಹತ್ತಬೇಕು, ಅದು ನಮ್ಮಪ್ಪನ ನಿಯಮ. ಹತ್ತುತೀನಿ." ಖಾಲಿ ಲೋಟವನ್ನು ತೂಕಣ್ಣನ ಕಡೆಗೆ ಚಾಚಿದಳು. "ಒಬ್ಬಳೇ ಆಗಲ್ಲ ಆದ್ರೆ. ನನ್ನ ತಮ್ಮ ಜೊತೆಗೆ ಬರಬೇಕು."

"ನಾನಾ?" ಎಂದ ತಮ್ಮ. "ಅಕ್ಕಾ, ನಂಗೆ ಮೊದ್ಲೇ ಹೊಟ್ಟೆ..."

"ಗೊತ್ತು. ಬಾ."

ತೂಕಣ್ಣ ಮತ್ತೆ ನೀರು ಹೊಯ್ದ. ಕೊನೆಯ ಹನಿಗಳನ್ನು ಬೆರಳಿನಿಂದ ಇಳಿಬಿಡುವಾಗ ಒಂದನ್ನು ಹೆಚ್ಚಿಗೇ ಬಿಟ್ಟ ಎಂದು ಅವಳಿಗೆ ಅನ್ನಿಸಿತು. ಬಾಗಿಲು ಮುಚ್ಚಿತು. ತಮ್ಮ ಮೂಲೆಗೆ ಒತ್ತಿಕೊಂಡು ನಿಂತು ಅವಳ ಕೈ ಹಿಡಿದ. ಇಬ್ಬರ ಅಂಗೈಯೂ ಬೆವೆತಿತ್ತು. ಕಾಲ ಕೆಳಗೆ ಆ ಮೃದುವಾದ ಎತ್ತುವಿಕೆ.

"ನಿಂಗೂ ಭಯಾನಾ?" ಎಂದ ಅವನು, ಇನ್ನೂ ನಂಬಲಾರದೆ. "ನಿಜವಾಗ್ಲೂ? ಮತ್ತೆ ಅವತ್ತು ನೀನು ಅಳಲೇ ಇಲ್ಲ?"

"ದನೀನೇ ಬರಲಿಲ್ಲ ಕಣೋ. ಅವತ್ತು…" ಗೋಡೆಗಳು ಹತ್ತಿರವಾಗುತ್ತಿದ್ದವು, ಆಗಲಿ. "ಅವತ್ತು ಚೆಲ್ಲಿದ್ದು ನಾನು. ನೀನಲ್ಲ. ನಂದು ನೀಲಿ ಫ್ರಾಕು, ಕಾಣಿಸಲಿಲ್ಲ. ನೀನು ಅದರ ಮೇಲೆ ಕೂತಿದ್ದೆ, ಅಷ್ಟೇ."

ಅವನು ಅವಳ ಕೈ ಬಿಟ್ಟ. ಎಲ್ಲ ಗೊತ್ತಿತ್ತು ಅನ್ನುತ್ತಾನೆ, ಇಲ್ಲ ಬೈಯುತ್ತಾನೆ ಎಂದು ಅವಳು ಎರಡಕ್ಕೂ ಸಿದ್ಧಳಾಗಿದ್ದಳು. ಅವನ ಮುಖದಲ್ಲಿ ಐದು ವರ್ಷದ ಹುಡುಗ ಎದ್ದುಬಂದು, ತನ್ನ ಪ್ಯಾಂಟನ್ನು ಒಮ್ಮೆ ಬಗ್ಗಿ ನೋಡಿಕೊಂಡ.

"ನಾನಲ್ವಾ?" ಎಂದ.

"ಅಲ್ಲ."

"ನಾನೇ ಅಂದ್ಕೊಂಡಿದ್ದೆ ಅಕ್ಕಾ. ಎಲ್ಲಾರೂ ಹೇಳಿ ಹೇಳಿ, ನಂಗೆ ನೆನಪೂ ಹಾಗೇ ಇದೆ. ಬೆಚ್ಚಗಾಗಿದ್ದು ಸಹ ನೆನಪಿದೆ." ಅವನು ತುಟಿ ಕಚ್ಚಿಕೊಂಡ. "ನನ್ನ ಹೆಂಡ್ತಿನೂ ಮಳೆರಾಯ ಅಂತಾಳೆ. ಎತ್ತರದ ಕೆಲಸ ಬೇಡ ಅಂದ್ಯಲ್ಲ ನೀನು, ನಂಗೂ ಹೌದೇನೋ ಅನ್ನಿಸ್ತು. ಆಗೋದೇ ಹಂಗೇನೋ ನಂಗೆ ಅಂತ."

ಲಿಫ್ಟ್ ಏರುತ್ತಿತ್ತು. ಅವನು ಗೋಡೆಯ ಕಡೆ ತಿರುಗಿದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಆ ಬೆನ್ನು ನಡುಗತೊಡಗಿತು. ಅಳುತ್ತಿದ್ದಾನೆ ಎಂದುಕೊಂಡಳು. ಮೈ ಬಿಗಿಹಿಡಿದು ಆ ಅಳುವಿಗೆ ಕಾದಳು.

"ಕೆಳಗೆ ಹೋದ್ಮೇಲೆ ಹೇಳ್ತೀಯಾ?" ಎಂದ ಅವನು ಗೋಡೆಗೇ.

"ಹೇಳ್ತೀನಿ."

"ತೂಕಣ್ಣನ ಮುಂದೆ?"

"ಎಲ್ಲರ ಮುಂದೆ."

"ಹೆಂಗೆ ಹೇಳ್ತೀಯಾ? ಈ ಕಂಪನಿ ಯಜಮಾನಿ… ಎಂಟು ವರ್ಷದವಳಿದ್ದಾಗ… ಲಿಫ್ಟಲ್ಲಿ…" ಮುಂದೆ ಅವನಿಂದಾಗಲಿಲ್ಲ. ತಿರುಗಿದಾಗ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. ನಗು ಹೊಟ್ಟೆಯಿಂದ ಎದ್ದು, ಅವನ ಅಗಲ ಮೈಯನ್ನು ಪೂರ್ತಿ ಕುಲುಕಿಸುತ್ತ, ಲಿಫ್ಟಿನ ನಾಲ್ಕು ಗೋಡೆಗೂ ಬಡಿಯಿತು. ನೆಲದ ಮೇಲಿನ ಲೋಟದಲ್ಲಿ, ಅಂಚಿಗಿಂತ ಮೇಲೆ ಉಬ್ಬಿ ನಿಂತ ನೀರಿನಲ್ಲಿ, ಸಣ್ಣ ಉಂಗುರಗಳು ಏಳತೊಡಗಿದವು.

"ಸುಮ್ನಿರೋ! ನಗಬೇಡ್ವೋ!" ಅವಳು ಮಂಡಿಯೂರಿ ಲೋಟದ ಸುತ್ತ ಎರಡೂ ಕೈ ಒಡ್ಡಿದಳು, ಮುಟ್ಟದೆ. "ಚೆಲ್ಲಿದ್ರೆ ಮತ್ತೆ ಹತ್ತಬೇಕು ಕಣೋ!"

ಅವಳಿಗೂ ನಗು ತಡೆಯಲಾಗುತ್ತಿರಲಿಲ್ಲ. ವೇಗ ಯಾವಾಗ ತಗ್ಗಿತೋ ಅವಳಿಗೆ ಗೊತ್ತಾಗಲಿಲ್ಲ. ಬಾಗಿಲು ತೆರೆದು ಬೆಳಕು ಒಳಗೆ ಬಿದ್ದಾಗ ಅವಳು ಇನ್ನೂ ಬಗ್ಗಿಯೇ ಇದ್ದಳು, ಉಸಿರು ಹಿಡಿದು, ನೀರಿನ ಆ ನಡುಗುವ ಅಂಚನ್ನೇ ನೋಡುತ್ತ.